ಬ್ರದರಣ್ಣ

ಕಳೆದ ಚಳಿಗಾಲದ ಕೊನೆಯಲ್ಲಿ ಒಂದು ಶುಕ್ರವಾರ ರಾಮನಗರದ ಓಣಿಯೊಂದರಿಂದ ಶವಯಾತ್ರೆ ಹೊರಟಿತ್ತು. ನಾನು ಹೆಂಗಸರ ಜೊತೆ ಬಾಗಿಲಲ್ಲೇ ನಿಂತಿದ್ದೆ. ಎದುರಿನ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದವನೊಬ್ಬ, "ಯಾರ್ದಣ್ಣ?" ಎಂದು ಕೇಳಿದ. ಅಂಗಡಿಯವನು, "ನಮ್ ಬ್ರದರಣ್ಣಂದು" ಎಂದ. ಬೈಕಿನವನು ಅಲ್ಲೇ ಇಳಿದ. ಗಾಡಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, ಜನರ ಹಿಂದೆ ನಡೆದುಬಿಟ್ಟ.

ಆಸ್ಪತ್ರೆಗಳಲ್ಲಿ ಹೆಣ್ಣು ನರ್ಸನ್ನು ಸಿಸ್ಟರ್ ಎನ್ನುವ ಹಾಗೆ ಗಂಡು ನರ್ಸನ್ನು ಬ್ರದರ್ ಎನ್ನುತ್ತಾರೆ. ಹಳ್ಳಿಗಳಿಂದ ಬರುವವರಿಗೆ ಬರೀ ಬ್ರದರ್ ಎಂದರೆ ಮರ್ಯಾದೆ ಸಾಲದು ಅನ್ನಿಸುತ್ತಿತ್ತೇನೋ, ಅದಕ್ಕೊಂದು ಅಣ್ಣ ಸೇರಿಸಿ ಬ್ರದರಣ್ಣ ಮಾಡಿದ್ದರು. ಅಣ್ಣ ಎರಡು ಸಲ ಬಂತಲ್ಲ ಎಂದು ನಾನೊಮ್ಮೆ ನಕ್ಕಾಗ ಬ್ರದರೇ, "ಇರ್ಲಿ ಬಿಡಿ ಮೇಡಂ, ಒಂದು ಬ್ಯಾಂಡೇಜ್ ಮೇಲೆ ಇನ್ನೊಂದು" ಎಂದಿದ್ದರು. ಅವರ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾದದ್ದನ್ನು ನಾನು ಕಾಣೆ. ಇಲ್ಲೂ ಅದು ಬೇಡ.

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹೆದ್ದಾರಿಯ ಪಕ್ಕದಲ್ಲಿ ಒಂದು ಚಿಕ್ಕ ಆಸ್ಪತ್ರೆಯಿತ್ತು. ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದದ್ದು. ಈಗ ಅದಿಲ್ಲ, ಆ ಜಾಗದಲ್ಲಿ ಕಲ್ಯಾಣ ಮಂಟಪವಿದೆ. ಎಂಬಿಬಿಎಸ್ ಮುಗಿಸಿ ನಾನು ಮೊದಲ ಕೆಲಸಕ್ಕೆ ಸೇರಿದ್ದು ಅಲ್ಲಿಗೆ. ಹೆದ್ದಾರಿ ಅಗಲವಾದ ಹೊಸತು. ವಾಹನಗಳ ವೇಗ ಹೆಚ್ಚಿತ್ತು, ರಸ್ತೆ ದಾಟುವವರ ಅಭ್ಯಾಸ ಬದಲಾಗಿರಲಿಲ್ಲ. ದಿನಕ್ಕೊಬ್ಬರಾದರೂ ತಲೆಗೆ ಪೆಟ್ಟು ಮಾಡಿಕೊಂಡವರು ಬರುತ್ತಿದ್ದರು. ಬ್ರದರ್ ಆಗಲೇ ನಲವತ್ತೈದರ ಆಸುಪಾಸಿನಲ್ಲಿದ್ದರು. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಗಾತ್ರದ ಟಾರ್ಚು. ರೋಗಿಯನ್ನು ಮುಟ್ಟುವ ಮುನ್ನ ಎರಡು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಮೇಲೆ, ರೋಗಿಗೆ ಎಚ್ಚರವಿರಲಿ ಇಲ್ಲದಿರಲಿ, ತಾವು ಏನು ಮಾಡಲಿದ್ದೇವೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ವಾರಗಟ್ಟಲೆ ಕಣ್ಣು ತೆರೆಯದವರ ಮುಂದೆಯೂ, "ಯಜಮಾನ್ರೇ, ಎಡಕ್ಕೆ ತಿರುಗಿಸ್ತೀನಿ, ಒಸಿ ತಣ್ಣಗಾಗ್ತದೆ ಬೆನ್ನಿಗೆ" ಎನ್ನುವರು. ಮೊದಮೊದಲು ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ಅವರದು ರೇಷ್ಮೆ ನೂಲು ತೆಗೆಯುವವರ ಮನೆ. ಬೇಯಿಸಿದ ಗೂಡುಗಳನ್ನು ಬಿಸಿನೀರಿನಲ್ಲಿ ಬಿಟ್ಟು, ಅದರೊಳಗೆ ಬೆರಳಾಡಿಸಿ ಎಳೆ ಹುಡುಕುವುದು ಅವರ ತಾಯಿಯ ಕೆಲಸ. ಬೆರಳ ತುದಿಗಳು ಸದಾ ಬೆಂದು ಬೆಳ್ಳಗಾಗಿರುತ್ತಿದ್ದವಂತೆ. ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ರೂಮಿನಲ್ಲಿ ಹತ್ತಿ ಮಡಚುತ್ತ ಕೂತಾಗ ಹೇಳಿದರು:

"ಅಮ್ಮೀ, ಉರಿಯಲ್ವಾ ಅಂತ ಕೇಳಿದ್ರೆ, ಅಭ್ಯಾಸ ಆಗೋಗಿದೆ ಅನ್ನೋರು. ಆದ್ರೆ ಊಟಕ್ಕೆ ಕೂತಾಗ ಸಾರು ಬಿಸಿ ಇದ್ರೆ ಕೈ ಹಾಕ್ತಿರ್ಲಿಲ್ಲ ಮೇಡಂ, ಚಮಚ ತಗೊಳೋರು. ನಮ್ಮನೇಲಿ ಬೇರೆ ಯಾರೂ ಚಮಚದಲ್ಲಿ ತಿಂತಿರ್ಲಿಲ್ಲ. ಆವಾಗ ನಂಗೆ ಗೊತ್ತಾಯ್ತು, ಅಭ್ಯಾಸ ಆಗಿದೆ ಅಂದ್ರೆ ನೋವು ಹೋಗಿದೆ ಅಂತಲ್ಲ. ಹೇಳೋದು ಬಿಟ್ಟಿದಾರೆ ಅಂತ."

ನೋವಿನ ಬಗ್ಗೆ ನಾನು ಓದಿದ್ದ ಪುಸ್ತಕಗಳು ದಪ್ಪಗಿದ್ದವು. ಅವುಗಳಲ್ಲಿ ಆ ಚಮಚ ಇರಲಿಲ್ಲ.

ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಒಂದು ಬೆಳಿಗ್ಗೆ ಬೈಕಿನಿಂದ ಬಿದ್ದು ತಾನೇ ನಡೆದುಕೊಂಡು ಬಂದ. ಹಣೆಯ ಪಕ್ಕ ಊದಿತ್ತು, ಅಷ್ಟೇ. "ತಲೆ ಸಿಡೀತೈತೆ ಅಣ್ಣ, ಒಂದ್ ಸೂಜಿ ಹಾಕ್ಬುಡಿ, ಸೆಕೆಂಡ್ ಶಿಫ್ಟಿಗೆ ಹೋಗ್ಬೇಕು" ಎಂದ. ನಾನು ನೋವಿಗೊಂದು, ವಾಂತಿಯಾಗದಿರಲೆಂದು ಇನ್ನೊಂದು ಇಂಜೆಕ್ಷನ್ ಬರೆದೆ. ಎರಡೂ ನಿದ್ದೆ ಬರಿಸುವಂಥವು. ಬ್ರದರ್ ಚೀಟಿ ನೋಡಿ ಟ್ರೇಯಲ್ಲಿಟ್ಟು, ಸೂಜಿ ಹಾಕದೆ ಯುವಕನ ಪಕ್ಕದಲ್ಲಿ ಕೂತರು.

"ಬೆಳಿಗ್ಗೆ ಏನ್ ತಿಂದ್ರಿ?"

"ತಟ್ಟೆ ಇಡ್ಲಿ."

"ಎಷ್ಟು?"

"ಎರಡು."

ಅರ್ಧ ಗಂಟೆ ಬಿಟ್ಟು ಬಂದು ಅದೇ ಪ್ರಶ್ನೆ. ಕಣ್ಣಿಗೆ ಟಾರ್ಚು. ಮತ್ತೆ ಅರ್ಧ ಗಂಟೆಗೆ ಅದೇ ಪ್ರಶ್ನೆ. "ಆಗ್ಲೇ ಹೇಳ್ದೆ ಅಲ್ವಾ, ಎರಡು ಇಡ್ಲಿ! ನನ್ ತಲೆ ಸರಿಗೈತೋ, ನಿಮ್ದೋ?" ಎಂದು ಅವನು ರೇಗಿದ. ಬ್ರದರ್ ಸಂತೋಷವಾಗಿ ಎದ್ದು ಬಂದರು.

ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ತಲೆಬುರುಡೆ ಒಳಗೆ ಊದ್ಕೊಳ್ಳೋಕೆ ಜಾಗ ಇಲ್ಲ ಮೇಡಂ. ಒಳಗೆ ರಕ್ತ ಜಿನುಗ್ತಿದ್ರೂ ಮೊದ್ಲು ಚೆನ್ನಾಗೇ ಮಾತಾಡ್ತಾರೆ, ಆಮೇಲೆ ತೂಕಡಿಸ್ತಾರೆ. ನಾವೇ ಸೂಜಿ ಹಾಕಿ ಮಲಗಿಸಿದ್ರೆ, ಅದು ಔಷಧಿ ನಿದ್ದೆನೋ ರಕ್ತದ ನಿದ್ದೆನೋ ಹೆಂಗೆ ಗೊತ್ತಾಗ್ತದೆ? ನೋವಿಗೆ ಪ್ಯಾರಾಸಿಟಮಾಲ್ ಕೊಡೋಣ. ನಿದ್ದೆ ಬರ್ಸೋದು ಬೇಡ." ಇದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ವಿಷಯವೇ. ಆದರೆ ಎದುರಿಗಿದ್ದವನು ನಗುತ್ತ ನಡೆದು ಬಂದಿದ್ದರಿಂದ ಮರೆತಿದ್ದೆ. ಯುವಕನಿಗೆ ಏನೂ ಆಗಲಿಲ್ಲ. ಮಾರನೆಯ ದಿನ ಗೊಣಗುತ್ತ ಮನೆಗೆ ಹೋದ. ಏನೂ ಆಗದೆ ಇದ್ದ ದಿನಗಳಲ್ಲಿ ಬ್ರದರ್ ತುಂಬ ಲವಲವಿಕೆಯಿಂದ ಇರುತ್ತಿದ್ದರು.

ಈಗ ಹೇಳಬೇಕಾದ ವಿಷಯವನ್ನು ನಾನು ಇಷ್ಟು ವರ್ಷ ಯಾರಿಗೂ ಬರೆದು ತಿಳಿಸಿಲ್ಲ.

ಗುಡೇಮಾರನಹಳ್ಳಿಯ ಟ್ರಾಕ್ಟರ್ ಡ್ರೈವರ್ ಒಬ್ಬರು ಮೊಪೆಡ್‌ನಲ್ಲಿ ಬರುವಾಗ ಲಾರಿ ತಗುಲಿ ಬಿದ್ದಿದ್ದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತಲೆಬುರುಡೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದು ಜೀವ ಉಳಿಸಿದ್ದರು. ಎರಡು ವಾರದ ಮೇಲೆ, ಮನೆಯವರಿಗೆ ಓಡಾಡಲು ಹತ್ತಿರವಾಗಲಿ ಎಂದು ನಮ್ಮಲ್ಲಿಗೆ ಕಳಿಸಿದರು. ಕಣ್ಣು ಬಿಡುತ್ತಿದ್ದರು, ಮಾತಿಲ್ಲ. ಹೆಂಡತಿ ಸಾಕಮ್ಮ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇರುತ್ತಿದ್ದಳು. ಬ್ರದರ್ ಆ ವಾರ ಮಗಳ ಮದುವೆಗೆಂದು ರಜೆಯಲ್ಲಿದ್ದರು.

ಆ ಮನುಷ್ಯ ಬಂದ ದಿನದಿಂದಲೇ ರಂಪ. ಕೈಕಾಲು ಬಡಿಯುವುದು, ಮೂಗಿನ ನಳಿಕೆ ಕಿತ್ತುಕೊಳ್ಳುವುದು, ಹತ್ತಿರ ಹೋದವರಿಗೆ ಹೊಡೆಯುವುದು. ಮೆದುಳಿಗೆ ಪೆಟ್ಟು ಬಿದ್ದವರು ಎಚ್ಚರಕ್ಕೆ ಮರಳುವಾಗ ಹೀಗೆ ಆಡುವುದುಂಟು, ಅದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೇರೆ ಕಾರಣ ಹುಡುಕಲಿಲ್ಲ. ಎರಡು ಕೈಗಳನ್ನೂ ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿ ಎಂದು ಬರೆದೆ. ಮಂಪರು ಬರಿಸುವ ಇಂಜೆಕ್ಷನ್ನನ್ನೂ ಬರೆದೆ. ಎಡಗೈ ಒಂದಿಷ್ಟು ಊದಿತ್ತು. ಬೆಂಗಳೂರಿನಲ್ಲಿ ಆ ಕೈಗೆ ಡ್ರಿಪ್ ಹಾಕಿದ್ದ ಗುರುತಿತ್ತು; ಡ್ರಿಪ್ ನೀರು ಇಳಿದು ಊದಿದೆ ಎಂದುಕೊಂಡೆ.

ಮೂರನೆಯ ದಿನ ಬ್ರದರ್ ಕೆಲಸಕ್ಕೆ ಬಂದರು. ಬೆರಳುಗಳಲ್ಲಿ ಮದುವೆಮನೆಯ ಮೆಹಂದಿ ಇನ್ನೂ ಕೆಂಪಗಿತ್ತು. ಆ ಮಂಚದ ಪಕ್ಕ ನಿಂತು ಅಂಗೈ ಉಜ್ಜಿಕೊಂಡು, "ಯಜಮಾನ್ರೇ, ನಾನು ಬ್ರದರ್. ಕೈ ಕಟ್ಟು ಬಿಚ್ತೀನಿ" ಎಂದರು.

"ಬಿಚ್ಚಬೇಡಿ. ಬೆಳಿಗ್ಗೆ ಮೈ ಒರೆಸೋಕೆ ಬಿಚ್ಚಿದಾಗ ಸಿಸ್ಟರ್ ಮುಖಕ್ಕೇ ಹೊಡೆದಿದ್ದಾರೆ" ಎಂದೆ.

"ಯಾವ ಕೈಯಲ್ಲಿ ಮೇಡಂ?"

ನನಗೆ ಗೊತ್ತಿರಲಿಲ್ಲ. ಚಾಪೆಯ ಮೇಲಿಂದ ಸಾಕಮ್ಮ ಹೇಳಿದಳು: "ಬಲಗೈಲಿ ಕಣಣ್ಣ. ಹೊಡೆಯೋದೆಲ್ಲ ಬಲಗೈಲೇಯ."

"ಯಾವಾಗ ಹೊಡೀತಾರೆ ಅಕ್ಕ? ಸುಮ್ಮಸುಮ್ಮನೇನಾ?"

ಅವಳು ಸ್ವಲ್ಪ ಯೋಚಿಸಿದಳು. "ಈ ಕಡೆ ಕೈ ಮುಟ್ಟುದ್ರೆ" ಎಂದು ಗಂಡನ ಎಡಗೈ ತೋರಿಸಿದಳು.

ಬ್ರದರ್ ಎರಡೂ ಕಟ್ಟುಗಳನ್ನು ಬಿಚ್ಚಿದರು. ಇಂಜೆಕ್ಷನ್ ಒಂದು ಹೊತ್ತು ತಡೆಯಬಹುದೇ ಎಂದು ನನ್ನನ್ನು ಕೇಳಿದರು. ಒಲ್ಲದ ಮನಸ್ಸಿನಿಂದ ಒಪ್ಪಿದೆ. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತರು. ನಾನು ಮೂರು ಸಲ ಆ ದಾರಿಯಲ್ಲಿ ಹಾದು ಹೋದೆ, ಮೂರು ಸಲವೂ ಅಲ್ಲೇ ಇದ್ದರು. "ಏನು ಮಾಡ್ತಿದ್ದೀರಿ?" ಎಂದರೆ, "ನೋಡ್ತಿದ್ದೀನಿ" ಎಂದರು. ಊಟದ ಹೊತ್ತು ಕಳೆದ ಮೇಲೆ ಚಾರ್ಟಿನ ಹಿಂಬದಿಯನ್ನು ನನ್ನ ಮುಂದಿಟ್ಟರು. ಗುಂಡು ಅಕ್ಷರದಲ್ಲಿ ಬರೆದಿತ್ತು. ನಳಿಕೆಯಲ್ಲಿ ಗಂಜಿ ಬಿಟ್ಟಾಗ ಸುಮ್ಮನೆ. ಬೆನ್ನು ಒರೆಸಿದಾಗ ಸುಮ್ಮನೆ. ಬಿ.ಪಿ. ಪಟ್ಟಿ ಬಲತೋಳಿಗೆ ಕಟ್ಟಿದಾಗ ಸುಮ್ಮನೆ. ಎಡ ಮಣಿಕಟ್ಟು ಮುಟ್ಟಿದಾಗ ಹುಬ್ಬು ಗಂಟು, ಹಲ್ಲು ಕಚ್ಚಿದರು, ನಾಡಿ ತೊಂಬತ್ತರಿಂದ ನೂರಿಪ್ಪತ್ತು, ಬಲಗೈ ಎತ್ತಿದರು.

"ಇವ್ರು ಗಲಾಟೆ ಮಾಡ್ತಿಲ್ಲ ಮೇಡಂ. ಹೇಳ್ತಿದಾರೆ. ಒಂದು ಎಕ್ಸ್-ರೇ ನೋಡೋಣ್ವಾ?"

ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಡ ಮಣಿಕಟ್ಟಿನ ಎಲುಬು ಮುರಿದಿತ್ತು. ಜೀವ ಉಳಿಸುವ ಧಾವಂತದಲ್ಲಿ ಬೆಂಗಳೂರಿನಲ್ಲಿ ಯಾರೂ ಕೈ ನೋಡಿರಲಿಲ್ಲ. ಅವರನ್ನು ನಾನು ದೂರಲಾರೆ. ನನಗೆ ಅಂಥ ಧಾವಂತ ಇರಲಿಲ್ಲ. ಮುರಿದ ಎಲುಬಿನ ಮೇಲೆ ಗಂಟು ಹಾಕಿಸಿದವಳು ನಾನು. ಆ ಮನುಷ್ಯ ನೋವಿಗೆ ಕೈ ಎಳೆದಷ್ಟೂ ಗಂಟು ಬಿಗಿಯುತ್ತಿತ್ತು, ಬಿಗಿದಷ್ಟೂ ಎಳೆಯುತ್ತಿದ್ದರು, ಎಳೆದಷ್ಟೂ ನಾನು ಇಂಜೆಕ್ಷನ್ ಹೆಚ್ಚಿಸಿದ್ದೆ.

ಬ್ರದರ್ ಆಗಲೇ ಪ್ಲಾಸ್ಟರಿಗೆ ನೀರು ಹಿಡಿಯುತ್ತಿದ್ದರು. ಕೈಗೆ ಪಟ್ಟಿ ಹಾಕಿ ಮುಗಿಸಿದ ಮೇಲೆ ನಾನು ಕೇಳಿದೆ: "ಬ್ರದರ್, ಇದನ್ನ ಮನೆಯವರಿಗೆ ಹೇಳಲೇಬೇಕಾ?"

ಅವರು ನನ್ನನ್ನು ಗದರಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬಾಗಿಲಾಚೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ಸಾಕಮ್ಮನ ಮೈದುನಂದಿರು ಏನ್ ಮಾತಾಡ್ಕೊಂಡಿದಾರೆ ಗೊತ್ತಾ ಮೇಡಂ? ಹುಚ್ಚು ಹಿಡಿದದೆ, ಮನೇಲಿ ಹಿಂದಿನ ರೂಮಲ್ಲಿ ಕಟ್ಟಿ ಹಾಕಿ ಅನ್ನ ಹಾಕೋಣ ಅಂತ. ಆಯಮ್ಮ ಮಕ್ಕಳನ್ನ ಕನಕಪುರದ ಕಡೆ ತವರಿಗೆ ಕಳಿಸೋಕೆ ಹೊರಟಿದಾರೆ. ನೀವು ಬಾಯಿ ಬಿಟ್ಟು ಹೇಳಿದ್ರೆ ಅವರು ಗಂಡನ್ನ ಕರ್ಕೊಂಡು ಹೋಗ್ತಾರೆ. ಹೇಳ್ದೆ ಇದ್ರೆ ಹುಚ್ಚನ್ನ ಕರ್ಕೊಂಡು ಹೋಗ್ತಾರೆ."

ನಾನು ಹೋಗಿ ಸಾಕಮ್ಮನ ಮುಂದೆ ನೆಲದ ಮೇಲೆ ಕೂತು ಹೇಳಿದೆ. ನಿಮ್ಮವರಿಗೆ ಹುಚ್ಚಲ್ಲ, ಕೈ ಮುರಿದಿತ್ತು, ನನಗೆ ತಿಳಿಯಲಿಲ್ಲ, ಮುರಿದ ಕೈಯನ್ನೇ ನಾನು ಕಟ್ಟಿಸಿದೆ, ತಪ್ಪು ನನ್ನದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ನೋಡದೆ ತನ್ನ ಎರಡು ಕೈ ನೋಡಿಕೊಂಡಳು.

"ನೀವ್ ಎಲ್ ಕಟ್ಟುದ್ರಿ ಬುಡವ್ವ. ಸಿಸ್ಟರಮ್ಮ ಸಡ್ಲಾಗೇ ಕಟ್ಟಿದ್ರು. ಮೂಗಿನ್ ನಳಿಕೆ ಕಿತ್ಕೊಂಬುಟ್ರು ಅಂತ ನಾನೇ ಕಣವ್ವ, ಮಂಡಿ ಕೊಟ್ಟು ಎಳ್ದು ಬಿಗಿ ಮಾಡಿದ್ದು. ನನ್ ಕಡೀಕೇ ನೋಡ್ತಾವ್ರೆ, ನಾನು ಬಿಗೀತಾವ್ನಿ..."

ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬ್ರದರ್ ಬಂದು ಸ್ಟೂಲನ್ನು ಮಂಚದ ಎಡಬದಿಗೆ ಹಾಕಿದರು.

"ಏಳಿ ಅಕ್ಕ, ಇಲ್ಲಿ ಕೂತ್ಕೊಳ್ಳಿ. ಮಣಿಕಟ್ಟು ಮುಟ್ಬೇಡಿ. ಮೊಣಕೈ ಕೆಳಗೆ ಹಿಂಗೆ ಅಂಗೈ ಕೊಡಿ. ಹಾಂ. ಭಾರ ನಿಮ್ ಮೇಲೆ ಬಿಡ್ತಾರೆ ನೋಡಿ ಈಗ. ಬಿಟ್ರು ಅಲ್ವಾ? ಮಾತಾಡಿ."

"ಏನ್ ಮಾತಾಡ್ಲಣ್ಣ?"

"ಮನೇಲಿ ಏನ್ ಮಾತಾಡ್ತೀರೋ ಅದೇ."

ಮೂಗು ಒರೆಸಿಕೊಂಡು ಸಾಕಮ್ಮ, ಕೆಂದ ಹಸು ಗಬ್ಬವಾಗಿರುವುದನ್ನೂ, ಪಕ್ಕದ ಮನೆಯವರು ಬದುವಿನ ಹುಣಸೆಹಣ್ಣು ಉದುರಿಸಿಕೊಂಡು ಹೋದದ್ದನ್ನೂ ಗಂಡನಿಗೆ ಹೇಳತೊಡಗಿದಳು. ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಕೈ ಎತ್ತಲಿಲ್ಲ.

ಆಮೇಲೆ ಬ್ರದರ್ ಹಟ ಹಿಡಿದದ್ದು ಒಂದೇ ವಿಷಯಕ್ಕೆ. ನೋವಿನ ಔಷಧಿ ಗಡಿಯಾರ ನೋಡಿ ಕೊಡಬೇಕು, ಕೇಳಿದಾಗ ಕೊಡುವುದಲ್ಲ. "ಕೇಳೋಕೆ ಬಾಯಿಲ್ಲ ಅವ್ರಿಗೆ." ಆರು ಗಂಟೆಗೊಮ್ಮೆ ನಳಿಕೆಯಲ್ಲಿ ಸಾದಾ ಪ್ಯಾರಾಸಿಟಮಾಲ್ ಸಿರಪ್ಪು, ಅಷ್ಟೇ. ಎರಡು ದಿನಕ್ಕೆ ಮಂಪರಿನ ಇಂಜೆಕ್ಷನ್ ಬೇಕಿಲ್ಲದೆ ಹೋಯಿತು. ಒಂಬತ್ತನೆಯ ದಿನ ಅವರು "ನೀರು" ಎಂದರು. ವಾರ್ಡಿನಲ್ಲಿ ನಾಲ್ಕು ಜನ ನಾಲ್ಕು ಲೋಟ ಹಿಡಿದು ಓಡಿದರು. ಬ್ರದರ್ ಎಲ್ಲರನ್ನೂ ತಡೆದು, ಮೊದಲು ಕೂರಿಸಿ, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಚಮಚದಲ್ಲಿ ಕುಡಿಸಿದರು.

ಆ ಡ್ರೈವರ್ ಮೊದಲಿನಂತೆ ಆಗಲಿಲ್ಲ. ಆದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಟ್ರಾಕ್ಟರ್ ಮತ್ತೆ ಓಡಿಸಲಿಲ್ಲ. ಎಡ ಮಣಿಕಟ್ಟು ಪೂರ್ತಿ ಮಡಚುತ್ತಿರಲಿಲ್ಲ. ತಪಾಸಣೆಗೆ ಬಂದಾಗ ಅದು ಕಣ್ಣಿಗೆ ಬಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಬಿಸಿಲಿಗೆ, ಗದ್ದಲಕ್ಕೆ ತಲೆನೋವು, ತಲೆನೋವಿನ ಹಿಂದೆ ಸಿಟ್ಟು. ಬ್ರದರ್ ತಮ್ಮ ವಾರದ ರಜೆಯಲ್ಲಿ ಬಸ್ಸು ಹತ್ತಿ ಅವರ ಊರಿಗೆ ಹೋಗುತ್ತಿದ್ದರು. ಟಿ.ವಿ. ದನಿ ತಗ್ಗಿಸಿ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬೇಡಿ, ಸಿಟ್ಟು ಬಂದಾಗ ವಾದಿಸದೆ ಹೊರಗೆ ಕರೆದುಕೊಂಡು ಹೋಗಿ ಎಂದು ಮನೆಮಂದಿಗೆಲ್ಲ ಪಾಠ ಮಾಡಿ ಬಂದರು. ಯಜಮಾನರು ದಿನಾ ಅಂಗಡಿಯಿಂದ ತಲೆನೋವಿನ ಮಾತ್ರೆ ತಂದು ನುಂಗುತ್ತಿದ್ದಾರೆ ಎಂದು ಕಂಡುಹಿಡಿದವರೂ ಬ್ರದರೇ. ದಿನಾ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. "ನಿಲ್ಲಿಸಿದ ಮೊದಲ್ನೇ ವಾರ ಜಾಸ್ತಿ ಆಗ್ತದೆ ಅಕ್ಕ. ಹೆದ್ರಿ ಮತ್ತೆ ಕೊಡ್ಬೇಡಿ, ನಂಗೆ ಫೋನ್ ಮಾಡಿ" ಎಂದು ಮೊದಲೇ ಹೇಳಿದ್ದರಿಂದ ಆ ವಾರವನ್ನು ಮನೆಯವರು ದಾಟಿದರು. ಮಕ್ಕಳು ತವರಿಗೆ ಹೋಗಲಿಲ್ಲ. ಒಂದೆರಡು ವರ್ಷದ ಮೇಲೆ ಸಾಕಮ್ಮ ನನ್ನನ್ನು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕಂಡು ಮಾತಾಡಿಸಿದಳು. ಯಜಮಾನರು ಹೇಗಿದ್ದಾರೆ ಎಂದೆ. "ಮೊದ್ಲಿದ್ದೋರು ಬ್ಯಾರೆ, ಈಗಿರೋರು ಬ್ಯಾರೆ ಕಣವ್ವ. ಇಬ್ರೂ ನಮ್ಮೋರೇಯ" ಎಂದು ನಕ್ಕಳು.

ಆ ಆಸ್ಪತ್ರೆ ಮುಚ್ಚಿದ ಮೇಲೆ ನಾನು ನೋವು ನಿವಾರಣೆಯನ್ನೇ ಪ್ರತ್ಯೇಕ ವಿಷಯವಾಗಿ ಕಲಿತೆ. ಚನ್ನಪಟ್ಟಣದಲ್ಲಿ ಪುಟ್ಟದೊಂದು ಕ್ಲಿನಿಕ್ ತೆರೆದೆ. ನಿವೃತ್ತರಾದ ಬ್ರದರ್ ವಾರಕ್ಕೆರಡು ದಿನ ಬಂದು ಕೂರುತ್ತಿದ್ದರು. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಎಂದ ಕೂಡಲೇ ಮನೆಯವರು ಬೆಚ್ಚುತ್ತಾರೆ. ಅವರ ಹೆದರಿಕೆ ಬಿಡಿಸುವುದು ಬ್ರದರ್ ಕೆಲಸವಾಗಿತ್ತು. ನಾನು ಅರ್ಧ ಗಂಟೆ ಹೇಳಿದರೂ ತಲೆಯಾಡಿಸದವರು ಅವರ ಐದು ನಿಮಿಷದ ಮಾತಿಗೆ ಒಪ್ಪುತ್ತಿದ್ದರು.

ಎರಡು ವರ್ಷದ ಹಿಂದೆ ಅವರಿಗೇ ಕ್ಯಾನ್ಸರ್ ಬಂತು. ಕಳೆದ ಚಳಿಗಾಲದ ಹೊತ್ತಿಗೆ ಬೆನ್ನುಮೂಳೆಗೆ ಹರಡಿತ್ತು. ಮಗಳು ಫೋನ್ ಮಾಡಿದಳು: "ಅಬ್ಬಾ ನೋವಿಲ್ಲ ಅಂತಾರೆ ಮೇಡಂ. ಆದ್ರೆ ಮಲಗೋದೇ ಇಲ್ಲ, ಕೂತೇ ಇರ್ತಾರೆ."

ಹೋದೆ. ಗೋಡೆಗೆ ಒರಗಿ ಕೂತಿದ್ದರು. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. "ಒಸಿ ಇದೆ ಮೇಡಂ, ತಡ್ಕೊಳ್ಳೋ ಅಷ್ಟು" ಎಂದರು. ಮಾರ್ಫಿನ್ ಶುರುಮಾಡೋಣ ಎಂದೆ. ಬೇಡ ಎಂದರು. ಇನ್ನೂ ಸ್ವಲ್ಪ ದಿನ ಹೋಗಲಿ ಎಂದರು. ಬೇರೆ ಯಾವುದಾದರೂ ಮಾತ್ರೆ ನೋಡೋಣ ಎಂದರು. ನಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳ ಮನೆಯವರು ಹೇಳುವ ಮಾತುಗಳೇ, ಒಂದೂ ಬಿಡದೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಅವರು ಹೋದ ಮೇಲೆ ಬ್ರದರ್ ನೆಲ ನೋಡುತ್ತ, "ಅದನ್ನ ಶುರು ಮಾಡಿದ್ರೆ ಮುಗೀತು ಅಂತ ಲೆಕ್ಕ ಅಲ್ವಾ" ಎಂದರು.

"ಅಲ್ಲ ಅಂತ ನಿಮಗೆ ಗೊತ್ತು" ಎಂದೆ.

"ಗೊತ್ತು" ಎಂದರು. ಚಹಾ ಲೋಟ ಪಕ್ಕಕ್ಕೆ ಸರಿಸಿ, "ಬರೀರಿ" ಎಂದರು. ನಾನು ಬರೆದು ಕೊಟ್ಟ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿ, "ಮಾರ್ಫಿನ್ ಜೊತೆ ಮಲಬದ್ಧತೆಗೂ ಕೊಡ್ಬೇಕಲ್ವಾ, ಬರೆದಿಲ್ಲ ನೀವು" ಎಂದು ವಾಪಸು ಕೊಟ್ಟರು. ಬರೆದೆ.

ಮೊದಲ ಎರಡು ದಿನ ಬಹುಪಾಲು ನಿದ್ದೆ ಮಾಡಿದರು. ಹೆಂಡತಿಗೆ ಗಾಬರಿಯಾಗಿ ನನಗೆ ಮೂರು ಸಲ ಫೋನ್ ಬಂತು. ಇಷ್ಟು ದಿನದ ಬಾಕಿ ನಿದ್ದೆ ಅದು, ಕಳೆಯುತ್ತದೆ ಎಂದೆ. ನಾಲ್ಕನೆಯ ದಿನ ಹೋದಾಗ ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮುಂದೆ ಮೊರದ ತುಂಬ ಅವರೆಕಾಯಿ. ಗಂಡ ಹೆಂಡತಿ ಇಬ್ಬರೂ ಸುಲಿಯುತ್ತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಮುಖದ ಗೆರೆಗಳು ಸಡಿಲಾಗಿ ಹತ್ತು ವರ್ಷ ಚಿಕ್ಕವರಂತೆ ಕಂಡರು. ಹಾಗೇ ಇನ್ನೂ ಏಳು ವಾರ ಇದ್ದರು. ಹೆಚ್ಚಿನ ದಿನಗಳು ನೆಮ್ಮದಿಯಾಗಿಯೇ ಕಳೆದವು.

ಆ ನಾಲ್ಕನೆಯ ದಿನ ಹೆಂಡತಿ ಕಾಳು ತೆಗೆದುಕೊಂಡು ಒಳಗೆ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು:

"ಮೇಡಂ, ಎಷ್ಟು ಜನಕ್ಕೆ ಹೇಳಿದೀನಿ ನಾನು, ಹೆದ್ರಬೇಡಿ ಹೆದ್ರಬೇಡಿ ಅಂತ. ಹೆದರಿಕೆ ಇಷ್ಟು ದೊಡ್ಡದಿರ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಇನ್ನೊಂದೈದು ನಿಮಿಷ ಕೂತಿರ್ತಿದ್ದೆ ಅವ್ರ ಹತ್ರ."

ನಾನು ಮೊರವನ್ನು ನನ್ನ ಕಡೆಗೂ ಸ್ವಲ್ಪ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದೆ.